ಹಿಂದಿನ ಸೀಟಿನ ದೂರು

ಆ ವರ್ಷ ಅವಧಿ ತುಂಬಲಿದ್ದ ಜೀವವಿಮೆಯ ದುಡ್ಡು ಕೈಗೆ ಬರುವ ಮೊದಲೇ ಎರಡು ಕಡೆ ಖರ್ಚಾಗಿಹೋಗಿತ್ತು. ಮರ್ಲೀಸಳ ತಲೆಯಲ್ಲಿ ಅದು ಮನೆಯ ಕೆಳಭಾಗದಲ್ಲೊಂದು ಹೊಸ ಸ್ನಾನದ ಮನೆಯಾಗಿತ್ತು. ಅವಳ ಗಂಡ ನಾರ್ಬರ್ಟನ ತಲೆಯಲ್ಲಿ ಮೋಟಾರ್ ಸೈಕಲ್ ಆಗಿತ್ತು. ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಇಂಥದ್ದನ್ನೆಲ್ಲ ಹೇಳಬೇಕೇ ಎಂದು ಇಬ್ಬರೂ ಅಂದುಕೊಂಡಿದ್ದರು.

ಗೊತ್ತಾದದ್ದು ಏಪ್ರಿಲ್ ತಿಂಗಳ ಒಂದು ಶುಕ್ರವಾರ, ಸಂಜೆಯ ಊಟದ ಹೊತ್ತಿಗೆ. ಶುಕ್ರವಾರವೆಂದರೆ ಅತ್ತೆ ಹೆರ್ತಾಳ ಸ್ನಾನದ ದಿನ. ಎಂಬತ್ತು ದಾಟಿದ ಮುದುಕಿಗೆ ಮಂಡಿ ಮಡಚಲಾಗುತ್ತಿರಲಿಲ್ಲ. ಒಳಗಿಳಿದು ಮೀಯುವ ಹಳೆಯ ತೊಟ್ಟಿಯ ಅಂಚೋ, ತೊಡೆಮಟ್ಟ ಎತ್ತರ. ಮೊದಲು ಅವಳನ್ನು ಅಂಚಿನ ಮೇಲೆ ಕೂರಿಸಬೇಕು, ಒಂದೊಂದೇ ಕಾಲು ಎತ್ತಿ ಒಳಗಿಡಬೇಕು, ಕಂಕುಳಿಗೆ ಕೈಕೊಟ್ಟು ಇಳಿಸಬೇಕು. ಮೈ ತೊಳೆದಾದ ಮೇಲೆ ಅಷ್ಟನ್ನೂ ಒದ್ದೆ ಮೈಯಲ್ಲಿ ಮತ್ತೆ ತಿರುಗಾಮುರುಗಾ ಮಾಡಬೇಕು. ಬೆಳಗಿನ ಜಾವದಿಂದ ಬೇಕರಿಯಲ್ಲಿ ನಿಂತು ಬಂದ ಮರ್ಲೀಸಳ ಬೆನ್ನು ಅಷ್ಟು ಹೊತ್ತಿಗೆ ಬೇರೆ ಯಾರದೋ ಎನ್ನುವಂತಾಗಿರುತ್ತಿತ್ತು. ಮಗನಾದವನು ಅಮ್ಮನಿಗೆ ಸ್ನಾನ ಮಾಡಿಸುವುದುಂಟೇ ಎಂಬುದು ನಾರ್ಬರ್ಟನ ಮಾತು. ಅವನ ಅಮ್ಮನದೂ ಅದೇ ಮಾತು.

ಮೇಜಿನ ಮೇಲೆ ಕಪ್ಪು ಬ್ರೆಡ್ಡು, ತೆಳ್ಳಗೆ ಕೊಯ್ದ ಹ್ಯಾಮ್, ಈರುಳ್ಳಿ ಸೊಪ್ಪು ಕಲಸಿದ ಗಟ್ಟಿ ಮೊಸರು, ಹುಳಿ ಸೌತೆಕಾಯಿ ಇದ್ದವು.

"ನಾಳೆ ಹತ್ತು ಗಂಟೆಗೆ ಟೆಸ್ಟ್ ರೈಡ್‌ಗೆ ಹೇಳಿಟ್ಟಿದ್ದೀನಿ," ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ನಾರ್ಬರ್ಟ್ ಹೇಳಿದ. "ಮರ್ಲೀಸ್, ನೀನೂ ಬಾ. ಹಿಂದೆ ಕೂತು ನೋಡ್ಬೇಕು."

"ಯಾವುದರ ಹಿಂದೆ?"

"ಬೈಕಿನ ಹಿಂದೆ. ಸ್ಪೋರ್ಟ್ಸ್ ಟೂರರ್. ನೀಲಿ ಬಣ್ಣದ್ದು."

ಮಗಳು ನಡೀನ್ ಕೈಯಲ್ಲಿದ್ದ ಚಾಕು ಕೆಳಗಿಟ್ಟಳು. ಗಂಡನನ್ನು ಬಿಟ್ಟು ಚಳಿಗಾಲದಲ್ಲಿ ತೌರಿಗೆ ಬಂದವಳು, ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿಕೊಂಡು, ತಾನು ಹುಡುಗಿಯಾಗಿದ್ದಾಗಿನ ಮಂಚದ ಮೇಲೆಯೇ ಮಲಗುತ್ತಿದ್ದಳು. "ಅಪ್ಪ, ನಿನಗೆ ಅರವತ್ತು ದಾಟಿತು. ಈಗ ಸ್ಪೋರ್ಟ್ಸ್ ಅಂತೆ!"

"ಬರೀ ಸ್ಪೋರ್ಟ್ಸ್ ಅಲ್ಲ ಮಾರಾಯ್ತಿ, ಸ್ಪೋರ್ಟ್ಸ್ ಟೂರರ್. ರೇಸ್ ಬೈಕ್ ಆದ್ರೆ ಟ್ಯಾಂಕಿನ ಮೇಲೆ ಬೋರಲು ಬೀಳ್ಬೇಕು. ಇದರಲ್ಲಿ ಮನುಷ್ಯರ ಥರ ಕೂತು ದಿನವಿಡೀ ಹೋಗ್ಬಹುದು. ತಿರುವು ಬಂದ್ರೆ ಬಾಗು ಅಂದಷ್ಟು ಬಾಗುತ್ತೆ. ಪಕ್ಕಕ್ಕೆ ಎರಡು ಪೆಟ್ಟಿಗೆ, ಹಿಂದೆ ನಿಮ್ಮಮ್ಮ. ಬೇಸಿಗೇಲಿ ಆಲ್ಪ್ಸ್ ದಾಟಿ ಇಟಲಿಗೆ."

"ಯಾವ ದುಡ್ಡಲ್ಲಿ?"

"ವಿಮೆ ದುಡ್ಡು ಬರುತ್ತಲ್ಲ."

ಮರ್ಲೀಸ್ ತಲೆ ಎತ್ತಿದಳು. "ಆ ದುಡ್ಡಲ್ಲಿ ಕೆಳಗಡೆ ಸ್ನಾನದ ಮನೆ ಮಾಡಿಸೋದು ಅಂತ ಇತ್ತು. ತೊಟ್ಟಿ ಇಲ್ಲದ್ದು. ನಡ್ಕೊಂಡು ಹೋಗಿ ಷವರ್ ಕೆಳಗೆ ನಿಲ್ಲೋ ಹಾಗೆ."

"ಹಾಗಂತ ಎಲ್ಲಿತ್ತು?"

"ನನ್ನ ಬೆನ್ನಲ್ಲಿ."

"ನನ್ನ ಹೆಸರು ಹೇಳ್ಕೊಂಡು ಯಾರೂ ಏನೂ ಕಟ್ಟಿಸೋದು ಬೇಡ," ಹೆರ್ತಾ ಸೌತೆಕಾಯಿ ಕಡಿಯುತ್ತಾ ಅಂದಳು. "ಅಡುಗೆಮನೇಲಿ ತಗಡಿನ ತೊಟ್ಟಿ ಇಟ್ಕೊಂಡು ಒಂದೇ ನೀರಲ್ಲಿ ಮನೆಮಂದಿಯೆಲ್ಲ ಮಿಂದವರು ನಾವು. ಯಾರೂ ಸತ್ತಿಲ್ಲ."

"ಓಮಾ, ಆಗ ನಿನ್ನನ್ನ ಯಾರೂ ಎತ್ತಿ ಇಳಿಸ್ಬೇಕಾಗಿರಲಿಲ್ಲ," ನಡೀನ್ ಅಜ್ಜಿಗೆ ಹೇಳಿದಳು.

"ನೀನು ಸುಮ್ಮನಿರೇ. ಬಾಳೆಲ್ಲಾ ತಂತಿ ಕಾರ್ಖಾನೇಲಿ ದುಡಿದು ಕಿವಿ ಕಳ್ಕೊಂಡಿದ್ದಾನೆ ನನ್ನ ಮಗ. ಒಂದು ಬೈಕು ತಗೊಂಡ್ರೆ ಆಕಾಶ ಬೀಳುತ್ತಾ?"

ನಾರ್ಬರ್ಟ್ ಗೆದ್ದವನಂತೆ ಇನ್ನೊಂದು ಹೋಳು ಬ್ರೆಡ್ಡು ತೆಗೆದುಕೊಂಡ. ಮರ್ಲೀಸ್ ತಟ್ಟೆ ಎತ್ತಲು ಎದ್ದಳು. ಜಗಳವಾಡುವುದಕ್ಕೂ ಮೈಯಲ್ಲಿ ಕಸುವು ಬೇಕು. ಶುಕ್ರವಾರ ಸಂಜೆ ಅದು ಅವಳಲ್ಲಿ ಉಳಿದಿರುತ್ತಿರಲಿಲ್ಲ.

ಮಾರನೇ ದಿನ ಅವಳು ಬೈಕಿಗೆಂದಿದ್ದ ಹಳೆಯ ಜಾಕೆಟ್ಟು ತೊಟ್ಟು ಹೋದಳು. ಸೊಂಟದ ಜಿಪ್ ಮೇಲೇರಲಿಲ್ಲ. ಅಂಗಡಿಯ ಥೀಲೆ ಎಂಬ ಮಾರಾಟಗಾರ, ಗಡ್ಡ ನೆರೆತ ಮನುಷ್ಯ, ನಾರ್ಬರ್ಟನ ಲೈಸೆನ್ಸು ಇಸಿದುಕೊಂಡ, ಬೈಕು ಬಿದ್ದರೆ ಯಾರು ಕೊಡಬೇಕು ಅನ್ನುವುದಕ್ಕೆ ಸಹಿ ಹಾಕಿಸಿಕೊಂಡ. "ಎರಡು ಗಂಟೆ ಇಟ್ಕೊಳ್ಳಿ, ಬ್ರೋಕ್‌ಮನ್ ಅವರೇ. ಕೆರೆ ಸುತ್ತೋ ರಸ್ತೆ ಇದೆಯಲ್ಲ, ಅಲ್ಲಿ ಬಿಡಿ. ಆಗ ಗೊತ್ತಾಗುತ್ತೆ ಇದು ಏನು ಅಂತ."

ಬೈಕು ನಿಜಕ್ಕೂ ಚೆನ್ನಾಗಿತ್ತು. ಹಿಂದಿನ ಸೀಟು ಅಗಲ, ಹಿಡಿದುಕೊಳ್ಳಲು ಎರಡು ಕಡೆ ಹಿಡಿ. ಊರು ದಾಟಿ ನೇರ ರಸ್ತೆಗೆ ಬಿದ್ದಾಗ ಅದು ದಮ್ಮು ಕಟ್ಟಿಕೊಂಡಿದ್ದ ಪ್ರಾಣಿಯ ಹಾಗೆ ಹಗುರಾಗಿ ಓಡಿತು. ಮರ್ಲೀಸಳಿಗೆ ಎಷ್ಟೋ ತಿಂಗಳ ಮೇಲೆ ಮೊದಲ ಸಲ, ತನ್ನನ್ನು ಈಗ ಯಾರೂ ಕರೆಯಲಾರರು ಅನ್ನಿಸಿತು. ಎರಡೂ ಬದಿ ಸೇಬಿನ ಮರಗಳು ಹೂಬಿಟ್ಟಿದ್ದವು. ಮದುವೆಗೆ ಮುಂಚೆ ಇದೇ ರಸ್ತೆಯಲ್ಲಿ ಇವನ ಸೊಂಟ ಹಿಡಿದು ಕೂತು, ಹಾಡಿಕೊಂಡು ಹೋಗುತ್ತಿದ್ದಳು. ಈಗಲೂ ಹಾಡಬಹುದಿತ್ತೇನೋ.

ಕೆರೆಯ ಹತ್ತಿರ ತಿರುವುಗಳು ಶುರುವಾದವು. ಬೈಕಿನ ಹಿಂದೆ ಕೂತವರಿಗೆ ಮುಂದಿನವನ ಮುಖ ಕಾಣುವುದಿಲ್ಲ, ಆದರೆ ಬೆನ್ನು ಎಲ್ಲವನ್ನೂ ಹೇಳುತ್ತದೆ. ನಾರ್ಬರ್ಟನ ಬೆನ್ನು ಹಲಗೆಯಾಯಿತು. ಮೊದಲೆಲ್ಲ ಅವನು ತಿರುವಿನ ಆಚೆ ತುದಿ ನೋಡುತ್ತಿದ್ದ; ಈಗ ಹೆಲ್ಮೆಟ್ಟು ರಸ್ತೆಯಂಚಿನ ಕಬ್ಬಿಣದ ತಡೆಯ ಕಡೆಗೇ ತಿರುಗಿತ್ತು. ಎಡತಿರುವಿನ ನಟ್ಟನಡುವೆ ಅವನು ಬ್ರೇಕು ಹಿಡಿದ. ಬಾಗಿದ್ದ ಬೈಕು ನೆಟ್ಟಗಾಗಿ ಅಂಚಿನ ಜಲ್ಲಿಯವರೆಗೂ ಸರಿದುಹೋಯಿತು. ಆಮೇಲೆ ಒಂದೊಂದು ತಿರುವಿಗೂ ಆಮೆಯಂತೆ ಹೋದ. ಹಿಂದೆ ಕಾರುಗಳು ಸಾಲುಗಟ್ಟಿದವು. ತಿರುಗಿ ಬರುವಾಗ ಏರಿನ ಮೇಲೆ ನಿಲ್ಲಿಸಬೇಕಾಗಿ ಬಂದು ಬೈಕು ಓಲಿತು. ಮರ್ಲೀಸ್ ಕಾಲು ಊರದಿದ್ದರೆ ಮೂವರೂ, ಗಂಡ ಹೆಂಡತಿ ಬೈಕು, ನೆಲ ಹಿಡಿಯುತ್ತಿದ್ದರು.

ಹಿಂದಿನ ಅಕ್ಟೋಬರಿನಲ್ಲಿ ಒದ್ದೆ ಎಲೆಗಳ ಮೇಲೆ ಅವನ ಹಳೆಯ ಬೈಕು ಜಾರಿತ್ತು. ಪೆಟ್ಟೇನೂ ಆಗಿರಲಿಲ್ಲ. "ಟೈರು ಸವೆದಿತ್ತು," ಎಂದು ಅದನ್ನು ಮಾರಿಬಿಟ್ಟಿದ್ದ. ಟೈರಲ್ಲ ಅನ್ನುವುದು ಮರ್ಲೀಸಳಿಗೆ ಈಗ ಗೊತ್ತಾಯಿತು.

ಥೀಲೆ ಬಾಗಿಲಲ್ಲೇ ನಿಂತಿದ್ದ. "ಹೇಗಿತ್ತು?"

ನಾರ್ಬರ್ಟ್ ಹೆಲ್ಮೆಟ್ಟು ತೆಗೆದು ಬೆವರು ಒರೆಸಿಕೊಂಡ. "ಬೈಕೇನೋ ಸರಿ. ಆದ್ರೆ ಹಿಂದಿನ ಸೀಟು ಗಟ್ಟಿ. ನನ್ನ ಹೆಂಡತಿಗೆ ಹಿಡಿಸಲಿಲ್ಲ."

ಮರ್ಲೀಸ್ ತನ್ನ ಹೆಲ್ಮೆಟ್ಟು ಬಿಚ್ಚಿ ಕೈಯಲ್ಲಿ ಹಿಡಿದಳು. ಹೊರಗಿನವರ ಮುಂದೆ ಗಂಡನ ಮಾತು ತೆಗೆದುಹಾಕುವುದು ಹೇಗೆ? ಕಾರಿನಲ್ಲಿ ಕೂತ ಮೇಲೆ ಕೇಳಿದಳು: "ಸೀಟು ಗಟ್ಟಿ ಅಂತ ನಾನು ಯಾವಾಗ ಅಂದೆ?"

"ಮತ್ತೆ ದಾರಿಯುದ್ದಕ್ಕೂ ಮಿಸುಕಾಡ್ತಿದ್ದೆಯಲ್ಲ," ಅಂದ. ಕಾರು ಹೊರಡಿಸಿದ.

ಅಲ್ಲಿಂದ ಶುರುವಾಯಿತು ಶನಿವಾರಗಳ ಪಾಡು. ಪಕ್ಕದ ಊರಿನ ಅಂಗಡಿಯಲ್ಲಿ ಕೆಂಪು ಬೈಕು: ಗಾಳಿ ಹಿಂದೆ ಹೊಡೆಯುತ್ತದೆ, ಮರ್ಲೀಸಳಿಗೆ ಕತ್ತು ನೋವು. ಅದರಾಚೆಯ ಊರಿನಲ್ಲಿ ಬೂದು ಬಣ್ಣದ್ದು: ಕಾಲಿಡುವ ಜಾಗ ಎತ್ತರ, ಮರ್ಲೀಸಳ ಮಂಡಿಗೆ ಆಗದು. ಮತ್ತೊಂದು ವಿಪರೀತ ಭಾರ, ಮರ್ಲೀಸಳಿಗೆ ಹೆದರಿಕೆ. ಪ್ರತಿ ಸಲವೂ ಅದೇ ಹಲಗೆ ಬೆನ್ನು, ಅದೇ ಬ್ರೇಕು, ಕೊನೆಗೆ ಅದೇ ಮಾತು: "ಹೆಂಡತಿಗೆ ಹಿಡಿಸಲಿಲ್ಲ."

ತರಕಾರಿಯಾಗಿ ಬೇಯಿಸುವ ಬಿಳಿ ಶತಾವರಿ ದಂಟಿನ ಕಾಲ ಬಂತು. ಭಾನುವಾರ ಮರ್ಲೀಸ್ ನಿಂತುಕೊಂಡು ಅದರ ಸಿಪ್ಪೆ ಹೆರೆಯುತ್ತಿರುವಾಗ ನಡೀನ್ ಬಂದು ಒಲೆಗೊರಗಿ ನಿಂತಳು.

"ಅಮ್ಮ, ಬೇಡ ಅನ್ನೋದಿದ್ರೆ ಬೇಡ ಅಂತ ನೇರವಾಗಿ ಹೇಳ್ಬಿಡು. ಹೀಗೆ ವಾರವಾರ ಅಪ್ಪನ್ನ ಕುಣಿಸ್ತಿದ್ದೀಯಲ್ಲ, ನೋಡೋಕಾಗಲ್ಲ."

"ನಾನು ಕುಣಿಸ್ತಿದ್ದೀನಾ?"

"ಸೀಟು, ಗಾಳಿ, ಮಂಡಿ. ನಿನಗೆ ಸ್ನಾನದ ಮನೆ ಬೇಕು, ಅದಕ್ಕೇ ಹೀಗೆ ಮಾಡ್ತಿದ್ದೀಯ ಅಂತಾರೆ ಅಪ್ಪ. ನಾನು ನಿನ್ನ ಪರವಾಗೇ ಇದ್ದೆ. ಆದ್ರೆ ಇದು ಸರಿಯಲ್ಲ. ನಾನು ಬಿಟ್ಟುಬಂದ ಮನೇಲೂ ಹೀಗೇ, ಯಾರೂ ಯಾವುದನ್ನೂ ನೇರವಾಗಿ ಹೇಳ್ತಿರಲಿಲ್ಲ."

"ಆ ಪಾತ್ರೆ ಕೊಡು," ಮರ್ಲೀಸ್ ಅಂದಳು.

ಊಟಕ್ಕೆ ಕೂತಾಗ ಹೆರ್ತಾ ತಾನೂ ಒಂದು ಕಲ್ಲು ಹಾಕಿದಳು. "ನಮ್ಮ ಕಾಲದಲ್ಲಿ ಗಂಡ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸ್ಕೊಂಡು ಹೋಗೋರು. ಕೆಳಗೆ ಗೋಣಿಚೀಲ. ಈಗಿನೋರಿಗೆ ಮೆತ್ತನೆ ಸೀಟೂ ಚುಚ್ಚುತ್ತೆ."

ನಾರ್ಬರ್ಟ್ ಆಲೂಗೆಡ್ಡೆಯ ಮೇಲೆ ಕರಗಿದ ಬೆಣ್ಣೆ ಸುರಿದುಕೊಳ್ಳುತ್ತಿದ್ದ. ಹೆಂಡತಿಯ ಕಡೆ ನೋಡಲಿಲ್ಲ. ಒಂದು ಮಾತು, ಬರೀ ಒಂದೇ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಮರ್ಲೀಸಳಿಗೆ ಸಿಟ್ಟು ಬರಲಿಲ್ಲ; ಕೈಗಳು ಭಾರವಾದವು, ಅಷ್ಟೆ.

ಮೇ ಮುಗಿಯುವ ಹೊತ್ತಿಗೆ, ಒಂದು ಶುಕ್ರವಾರ, ಅವಳು ಹೆರ್ತಾಳನ್ನು ತೊಟ್ಟಿಯಿಂದ ಎತ್ತುವಾಗ ಒದ್ದೆ ನೆಲದ ಮೇಲೆ ಕಾಲು ಜಾರಿತು. ಮುದುಕಿಯನ್ನು ಬಿಡಬಾರದೆಂದು ತಬ್ಬಿಕೊಂಡೇ ಒಳಗೆ ಬಿದ್ದಳು. ನೀರೆಲ್ಲ ಹೊರಚೆಲ್ಲಿತು. ಸದ್ದು ಅಡಗಿದಾಗ ಮರ್ಲೀಸ್ ಬಟ್ಟೆ ಚಪ್ಪಲಿ ಸಮೇತ ತೊಟ್ಟಿಯಲ್ಲಿ ಕೂತಿದ್ದಳು, ಅವಳ ತೊಡೆಯ ಮೇಲೆ ಅತ್ತೆ.

"ಅಮ್ಮ! ಎಲ್ಲಾದ್ರೂ ನೋವಾಯ್ತಾ?" ಮದುವೆಯ ದಿನವೇ ‘ಅಮ್ಮ ಅನ್ನು’ ಅಂದಿದ್ದಳು ಹೆರ್ತಾ.

"ಕೂತಿರೋ ಜಾಗ ಮೆತ್ತಗಿದೆ. ನಿನಗೆ?"

"ಗೊತ್ತಿಲ್ಲ. ಏಳೋಕಾಗ್ತಿಲ್ಲ."

ನಿಜಕ್ಕೂ ಆಗಲಿಲ್ಲ. ಒಬ್ಬರು ಎದ್ದರೆ ಇನ್ನೊಬ್ಬರು ಜಾರುತ್ತಿದ್ದರು. ಫೋನು ಅಡುಗೆಮನೆಯಲ್ಲಿತ್ತು. ಮರ್ಲೀಸ್ ಕಾಲಿನಿಂದಲೇ ತೊಟ್ಟಿಯ ತಳದ ಬಿರಡೆ ಕಿತ್ತು ಉಳಿದ ನೀರು ಹರಿಯಬಿಟ್ಟು, ಕೈಗೆಟುಕಿದ ಟವೆಲ್ಲನ್ನು ಮುದುಕಿಗೆ ಹೊದಿಸಿದಳು.

"ನಾರ್ಬರ್ಟ್ ಎಲ್ಲಿ?" ಹೆರ್ತಾ ಕೇಳಿದಳು.

"ಯಾವುದೋ ಬೈಕು ನೋಡೋಕೆ ಹೋಗಿದ್ದಾನೆ. ನಡೀನ್ ಕೆಲಸ ಮುಗಿಸ್ಕೊಂಡು ಬರೋವರೆಗೂ ಹೀಗೇ."

"ಇವತ್ತಿನದಕ್ಕೆ ಏನು ದೋಷ ಹುಡುಕ್ತಾನೋ." ಹೆರ್ತಾ ಮೂಗೆಳೆದಳು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೆದರಿದ್ದಾನೆ ಅಲ್ವಾ ನನ್ನ ಮಗ?"

ಮರ್ಲೀಸ್ ಮುದುಕಿಯ ಮುಖದ ಕಡೆ ಕತ್ತು ತಿರುಗಿಸಿದಳು. "ನಿನಗೆ ಹೇಗೆ ಗೊತ್ತು?"

"ಹೆತ್ತಿದ್ದೀನಿ. ಈ ಸಲ ಏಣಿ ಹತ್ತಲಿಲ್ಲ, ನೋಡ್ಲಿಲ್ವಾ? ಮಾಡಿನ ಅಂಚಲ್ಲಿ ಹೋದ ವರ್ಷದ ಎಲೆ ಹಾಗೇ ಕೊಳೀತಿದೆ. ಅವರಪ್ಪನೂ ಹೀಗೇ. ಒಂದು ದಿನ ಮೊಪೆಡ್ ತಗೊಂಡು ಹೋಗಿ ಪಕ್ಕದ ಮನೆಯವನಿಗೆ ಕೊಟ್ಟು ಬಂದರು. ಕೇಳಿದವರಿಗೆಲ್ಲ ಏನಂದ್ರು ಗೊತ್ತಾ? ಹೆರ್ತಾಗೆ ಪೆಟ್ರೋಲ್ ವಾಸನೆ ಆಗಲ್ಲ ಅಂತ. ನನಗೋ, ಪೆಟ್ರೋಲ್ ವಾಸನೆ ಅಂದ್ರೆ ಪ್ರಾಣ."

ಮರ್ಲೀಸ್ ನಕ್ಕಳು. ನಕ್ಕರೆ ಬೆನ್ನು ನೋಯಿತು. ಆಮೇಲೆ ನಗು ನಿಂತಿತು. "ಎಲ್ಲಾ ಗೊತ್ತಿದ್ದೂ ನನ್ನನ್ನೇ ಬೈದೆಯಲ್ಲಮ್ಮ. ಎಲ್ಲರ ಮುಂದೆ."

ಹೆರ್ತಾ ಟವೆಲ್ಲನ್ನು ಹೆಗಲಿಗೆ ಎಳೆದುಕೊಂಡಳು. "ಬೈದೆ. ನಿನ್ನನ್ನ ಬೈದ್ರೆ ನೀನು ಮಾರನೇ ದಿನ ಎದ್ದು ಕಾಫಿ ಮಾಡ್ತೀಯ. ಅವನನ್ನ ಬೈದ್ರೆ ವಾರಗಟ್ಟಲೆ ಮಾತು ಬಿಡ್ತಾನೆ. ನನಗೆ ಇನ್ನೆಷ್ಟು ವಾರ ಉಳಿದಿದೆ, ಹೇಳು?"

ಮುದುಕಿಯ ಮೈ ತಣ್ಣಗಾಗುತ್ತಿತ್ತು. ಮರ್ಲೀಸ್ ಅವಳನ್ನು ಇನ್ನಷ್ಟು ಹತ್ತಿರಕ್ಕೆಳೆದುಕೊಂಡು ತೋಳು ತಿಕ್ಕುತ್ತಾ ಕೂತಳು. ನಡೀನ್ ಬಂದು ಬಾಗಿಲು ತೆರೆದವಳು ಅಯ್ಯೋ ಎಂದು ಅಲ್ಲೇ ಚೀಲ ಕೆಳಗೆ ಹಾಕಿದಳು. ಇಬ್ಬರನ್ನೂ ಎತ್ತುವಷ್ಟರಲ್ಲಿ ಅವಳಿಗೂ ಉಸಿರು ಕಟ್ಟಿತು. ಎಷ್ಟೋ ಹೊತ್ತಾದ ಮೇಲೆ ನಾರ್ಬರ್ಟ್ ಬಂದ. ಬಿಸಿನೀರ ಚೀಲ ಬೆನ್ನಿಗಿಟ್ಟುಕೊಂಡು ಮಲಗಿದ್ದ ಹೆಂಡತಿಯನ್ನು ನೋಡಿ, ಬಾಗಿಲಲ್ಲಿ ನಿಂತು, "ಡಾಕ್ಟರಿಗೆ ತೋರಿಸ್ಬೇಕಾ?" ಅಂದ. ಬೇಡ ಅಂದಳು. ಆ ಶನಿವಾರ ಯಾವ ಅಂಗಡಿಗೂ ಹೋಗಲಿಲ್ಲ.

ಅದರ ಮುಂದಿನ ವಾರ ಥೀಲೆಯೇ ಫೋನು ಮಾಡಿದ. ನೀಲಿ ಬೈಕು ಇನ್ನೂ ಇದೆ, ಹಿಂದಿನ ಸೀಟಿಗೆ ಮೆತ್ತನೆಯದು ಹಾಕಿಸಿದ್ದೇನೆ, ಇನ್ನೊಬ್ಬರು ಕೇಳುತ್ತಿದ್ದಾರೆ, ಒಮ್ಮೆ ಬಂದು ನೋಡಿ ಅಂದ. ಅಪ್ಪ ಫೋನಿನಲ್ಲಿ ತಡವರಿಸುವುದನ್ನು ನೋಡಿ ನಡೀನ್, "ಹೋಗಿ ಬಾ ಅಮ್ಮ, ಓಮಾನ ನಾನು ನೋಡ್ಕೋತೀನಿ," ಅಂದಳು.

ಮತ್ತೆ ಕೆರೆಯ ರಸ್ತೆ. ಜೂನ್ ತಿಂಗಳ ಬಿಸಿಲು, ಹುಲ್ಲು ಕೊಯ್ದ ವಾಸನೆ. ಮೂರನೆಯ ತಿರುವಿನ ಹೊತ್ತಿಗೆ ನಾರ್ಬರ್ಟ್ ರಸ್ತೆಯ ನಡುಗೆರೆ ದಾಟಿ ಎದುರು ಬದಿಗೆ ಹೋದ. ಎದುರಿನಿಂದ ಬಂದ ಹಾಲಿನ ಲಾರಿ ಉದ್ದಕ್ಕೆ ಹಾರ್ನು ಹೊಡೆದು ಪಕ್ಕದಲ್ಲೇ ಹಾದುಹೋಯಿತು. ಗಾಳಿಗೆ ಇಬ್ಬರೂ ಅಲುಗಿದರು. ಅವನು ಬದಿಗೆ ನಿಲ್ಲಿಸಿದ. ಇಂಜಿನ್ನು ಆರಿಸಿ ಹಾಗೇ ಕೂತ. ಆಮೇಲೆ ಅವನು ನಿಧಾನವಾಗಿ ಹಿಂದಕ್ಕೆ ತಿರುಗಿಸಿಕೊಂಡು ಅಂಗಡಿಗೆ ಬಂದ.

"ಈ ಸಲ?" ಥೀಲೆ ನಗುತ್ತಾ ಕೇಳಿದ.

"ಪರವಾಗಿಲ್ಲ. ಆದ್ರೆ ಈ ಸೀಟೂ ನನ್ನ ಹೆಂಡತಿಗೆ..."

"ಸೀಟು ಚೆನ್ನಾಗಿದೆ," ಮರ್ಲೀಸ್ ಅಂದಳು. ದನಿ ಏರಿಸಲಿಲ್ಲ. "ಮೊದಲನೇದೂ ಚೆನ್ನಾಗಿತ್ತು. ನನ್ನ ಕಡೆಯಿಂದ ಯಾವ ದೂರೂ ಇಲ್ಲ, ಥೀಲೆ ಅವರೇ."

ನಾರ್ಬರ್ಟನ ಕಿವಿ ಕೆಂಪಾದವು. ಥೀಲೆ ಅವನನ್ನು ನೋಡಿದ, ಅವಳನ್ನು ನೋಡಿದ, ಆಮೇಲೆ ಬೈಕಿನ ಗಾಜಿನ ಮೇಲಿದ್ದ ಹುಳ ಒರೆಸತೊಡಗಿದ. ಇಂಥವರನ್ನು ಅವನು ಮೊದಲೂ ನೋಡಿರಬೇಕು.

"ಯೋಚನೆ ಮಾಡಿ ಹೇಳ್ತೀನಿ," ನಾರ್ಬರ್ಟ್ ಅಂದ.

"ಅವಸರವಿಲ್ಲ," ಥೀಲೆ ಅಂದ.

ಮನೆ ಹತ್ತಿರವಾಗುತ್ತಿದ್ದಂತೆ ನಾರ್ಬರ್ಟ್ ಒಂದು ಸಾಸೇಜ್ ಅಂಗಡಿಯ ಮುಂದೆ ಕಾರು ನಿಲ್ಲಿಸಿದ. ಎರಡು ತಟ್ಟೆ ತಂದ. ಎತ್ತರದ ಮೇಜಿಗೆ ಮೊಣಕೈಯೂರಿ ನಿಂತರು. ಸುತ್ತ ಬೈಕಿನವರು, ಚರ್ಮದ ಉಡುಪಿನವರು, ಜೋರು ನಗು.

"ಅವನ ಮುಂದೆ ನನ್ನ ಮಾನ ತೆಗೆದೆಯಲ್ಲ," ಅಂದ.

"ಇಷ್ಟು ವಾರ ನನ್ನದು ತೆಗೆದೆಯಲ್ಲ, ಊರೂರು ಸುತ್ತಿಸಿ."

ಅವನು ಸಾಸಿವೆಯಲ್ಲಿ ಸಾಸೇಜ್ ತುಂಡನ್ನು ಹೊರಳಿಸುತ್ತಾ ನಿಂತ. ತಿನ್ನಲಿಲ್ಲ. "ತಿರುವು ಕಂಡ್ರೆ ಕೈ ಕಟ್ಟಿಹೋಗುತ್ತೆ, ಮರ್ಲೀಸ್. ಬಾಗು ಬಾಗು ಅಂತ ನನಗೆ ನಾನೇ ಹೇಳ್ಕೋತೀನಿ. ಕೈ ಕೇಳಲ್ಲ. ಬೇರೆ ಬೈಕಾದ್ರೆ ಸರಿಹೋಗುತ್ತೇನೋ ಅಂತ..." ಮಾತು ಅಲ್ಲಿಗೇ ನಿಂತಿತು.

"ಗೊತ್ತು."

"ಯಾವಾಗಿಂದ?"

"ಮೊದಲನೇ ಶನಿವಾರದಿಂದ."

"ಮತ್ತೆ ಯಾಕೆ ಪ್ರತಿ ಸಲ ಹತ್ತಿ ಕೂತೆ? ಏನಾದ್ರೂ ಆಗಿದ್ರೆ?"

ಅವಳು ಯೋಚಿಸಿದಳು. "ನೇರ ರಸ್ತೆ ಇತ್ತಲ್ಲ," ಅಂದಳು. "ಊರು ದಾಟಿದ ಮೇಲೆ. ಅಲ್ಲಿ ನೀನು ಮೊದಲಿನ ಹಾಗೇ ಓಡಿಸ್ತಿದ್ದೆ. ನನಗೂ ಬೇಕಾಗಿತ್ತು ಕಣೋ ಆ ಬೈಕು. ಯಾರೂ ಕೇಳ್ಲಿಲ್ಲ, ಅಷ್ಟೆ."

ನಾರ್ಬರ್ಟ್ ಕಾಗದದ ಕರವಸ್ತ್ರದಿಂದ ಕಣ್ಣೋ ಮೂಗೋ ಒರೆಸಿಕೊಂಡ. "ಮನೇಲಿ ಹೇಳ್ಬೇಡ."

"ನಾನು ಹೇಳಲ್ಲ. ನೀನು ಹೇಳು."

ಭಾನುವಾರ ಮಧ್ಯಾಹ್ನದ ಕಾಫಿಗೆ ಬೇಕರಿಯಿಂದ ತಂದ, ರುಬಾರ್ಬ್ ಎಂಬ ಹುಳಿದಂಟಿನ ಕೇಕಿತ್ತು. ನಾರ್ಬರ್ಟ್ ಎರಡು ಸಲ ಕೆಮ್ಮಿದ. ಬೈಕು ತಗೊಳ್ಳುವುದಿಲ್ಲ ಅಂದ. ನಡೀನ್ ಅಮ್ಮನ ಕಡೆ ಕಣ್ಣು ತಿರುಗಿಸಿದಳು.

"ಅವಳನ್ನ ನೋಡ್ಬೇಡ," ನಾರ್ಬರ್ಟ್ ಅಂದ. "ನನಗೇ ಓಡಿಸೋಕಾಗ್ತಿಲ್ಲ. ಬಿದ್ದಾಗಿಂದ. ಸೀಟು ಗೀಟು ಎಲ್ಲಾ ನಾನು ಹೇಳಿದ್ದು."

ಹೊರಗೆ ಯಾರದೋ ಬೈಕು ಗುಡ್ಡ ಹತ್ತಿ ಹೋಯಿತು; ಅದರ ಸದ್ದು ಮುಗಿಯುವವರೆಗೂ ಅವನು ತಟ್ಟೆ ನೋಡುತ್ತಿದ್ದ. ಹೆರ್ತಾ ತನ್ನ ಕೇಕಿನ ದೊಡ್ಡ ತುಂಡನ್ನು ಮಗನ ತಟ್ಟೆಗೆ ದೂಡಿದಳು. "ತಿನ್ನು. ಆಮೇಲೆ ಆ ಸ್ನಾನದ ಮನೆಯೋನಿಗೆ ಫೋನ್ ಮಾಡು. ಇನ್ನೊಂದು ಸಲ ಸೊಸೆ ತೊಡೆ ಮೇಲೆ ಕೂರೋ ಆಸೆ ನನಗಿಲ್ಲ."

"ಅವನು ಬರೋದು ಆಗಸ್ಟಿಗಂತೆ," ನಾರ್ಬರ್ಟ್ ಅಂದ. ಅಂದರೆ ಆಗಲೇ ಕೇಳಿದ್ದ.

ನಡೀನ್ ಅಮ್ಮನ ಲೋಟಕ್ಕೆ ಕಾಫಿ ಬಗ್ಗಿಸಿದಳು. ತಪ್ಪಾಯಿತು ಅಂತ ಯಾರೂ ಅನ್ನಲಿಲ್ಲ. ಅನ್ನಬಹುದೇನೋ ಎಂದು ಮರ್ಲೀಸ್ ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತು ಕಾದಳು. ಆಮೇಲೆ ಎದ್ದು, ತಟ್ಟೆಗಳನ್ನು ಇದ್ದಲ್ಲೇ ಬಿಟ್ಟು, ಮೇಲಿನ ಕೋಣೆಗೆ ಹೋಗಿ ಮಲಗಿದಳು. ಹಾಡುಹಗಲೇ ಮಲಗಿ ಎಷ್ಟು ಕಾಲವಾಗಿತ್ತೋ. ನಿದ್ದೆ ಕಲ್ಲಿನಂತೆ ಬಂದು ಬಿತ್ತು.

ಎಚ್ಚರವಾದಾಗ ಕಿಟಕಿಯ ಬಿಸಿಲು ಗೋಡೆಯ ಮೇಲಕ್ಕೆ ಏರಿತ್ತು. ಸಂಜೆಯ ಊಟದ ಹೊತ್ತು. ಕೆಳಗೆ ಕಪಾಟಿನ ಬಾಗಿಲುಗಳು ಒಂದೊಂದಾಗಿ ತೆರೆದು ಮುಚ್ಚುವ ಸದ್ದು.

"ಮರ್ಲೀಸ್!" ನಾರ್ಬರ್ಟ್ ಮೆಟ್ಟಿಲ ಬುಡದಿಂದ ಕೂಗಿದ. "ಬ್ರೆಡ್ ಕೊಯ್ಯೋ ಚಾಕು ಎಲ್ಲಿಟ್ಟಿದ್ದೀಯ?"

ಒಲೆಯ ಬಲಗಡೆಯ ಸೆಳೆಖಾನೆಯಲ್ಲಿ, ಅವಳು ಆ ಮನೆಗೆ ಕಾಲಿಟ್ಟ ದಿನದಿಂದ ಇದ್ದಲ್ಲೇ ಇತ್ತು ಅದು. ಉತ್ತರ ನಾಲಿಗೆಯ ತುದಿಯವರೆಗೂ ಬಂತು.

ಅವಳು ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ಹೊರಳಿದಳು.